ಬಡ್ತಿ ಬೇಡ ಅನ್ನಬೇಕು ಅನಿಸುತ್ತಿದೆ, ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ

ಜಯನಗರ_ಲೆಕ್ಕ

ಎಲ್ಲರಿಗೂ ನಮಸ್ಕಾರ. ನಾನು ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ವಯಸ್ಸು 41. ಮನೆ ಜಯನಗರ, ಆಫೀಸು ಎಲೆಕ್ಟ್ರಾನಿಕ್ ಸಿಟಿ. ಈಗ ಮ್ಯಾನೇಜರ್ ಹುದ್ದೆ ಕೊಡುತ್ತೇವೆ ಅಂತಿದ್ದಾರೆ. ಸಂಬಳ ಕಾಲು ಭಾಗದಷ್ಟು ಏರುತ್ತದೆ. ಜೊತೆಗೆ ಒಂದು ತಂಡದ ಜವಾಬ್ದಾರಿ, ರಾತ್ರಿ ಅಮೆರಿಕದವರ ಜೊತೆ ಕಾಲ್. ತಿಂಗಳ ಕೊನೆಗೆ ಲೆಕ್ಕ ಮುಗಿಸುವ ಕ್ಲೋಸಿಂಗ್, ಆಡಿಟ್ ಅಂದರೆ ಮನೆ ಮುಟ್ಟುವುದು ರಾತ್ರಿ 10ಕ್ಕೆ.

ನನಗೆ ಬೇಡ ಅನಿಸುತ್ತಿದೆ. ಈಗಿನ ಕೆಲಸ ಇಷ್ಟ. ಎಲ್ಲೋ ತಪ್ಪಿದ ಒಂದು ಎಂಟ್ರಿ ಹುಡುಕಿ, ಎರಡೂ ಕಡೆ ಲೆಕ್ಕ ತಾಳೆಯಾದಾಗ ಆಗುವ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ. ಇನ್ನೊಬ್ಬರ ರಜೆ, ರೇಟಿಂಗ್, ಜಗಳ ನೋಡಿಕೊಳ್ಳುವುದು ನನ್ನಿಂದ ಆಗುವುದಿಲ್ಲ ಅಂತಲ್ಲ. ನನಗೆ ಬೇಡ.

ಮಾವನವರು "ಮನೆಗೆ ಬರುವ ಲಕ್ಷ್ಮಿಯನ್ನು ಬಾಗಿಲಲ್ಲೇ ತಡೆಯುತ್ತೀಯಾ" ಅಂದರು. ಅಮ್ಮ ಫೋನ್ ಮಾಡಿ "ದೇವರು ತಾನಾಗಿ ಕೊಟ್ಟಿದ್ದನ್ನು ಬೇಡ ಅಂದರೆ, ಮುಂದೆ ನಾವು ಕೇಳಿದಾಗ ಕೊಡುವುದಿಲ್ಲ" ಅಂದರು. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಾನು ದೇವರನ್ನು ನಂಬುವವಳು. ಯಜಮಾನರು "ನಿನ್ನಿಷ್ಟ" ಅನ್ನುತ್ತಾರೆ, ಆದರೆ ಅದರಲ್ಲಿ ಒಪ್ಪಿಗೆ ಇಲ್ಲ ಅಂತ ಗೊತ್ತಾಗುತ್ತದೆ. ಮನೆ ಸಾಲ ಇನ್ನೂ ಇದೆ, ಕಂತು ಕಟ್ಟಲು ಕಷ್ಟವಿಲ್ಲ. ಮಗಳು 9ನೇ ಕ್ಲಾಸು.

ಇರುವುದು ಸಾಕು ಅನ್ನುವುದು ಸೋಮಾರಿತನವಾ? ಹೆದರಿಕೆಯಾ? ಇಂಥ ತೀರ್ಮಾನ ತೆಗೆದುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗಿರಿನಗರ_ಗಿರಿ

ತಗೊಳ್ಳಿ ಮೇಡಂ. ಈ ಕಾಲದಲ್ಲಿ ಕೆಲಸ ಉಳಿಯುವುದೇ ಕಷ್ಟ, ನೀವು ಬಡ್ತಿ ಬೇಡ ಅಂತೀರಲ್ಲ.

ಕೋಡ್_ಕೃಷ್ಣ

ಸ್ವಲ್ಪ ಕಠಿಣ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಖಾಸಗಿ ಕಂಪನಿಯಲ್ಲಿ 45ರ ಮೇಲೆ ಅದೇ ಜಾಗದಲ್ಲಿ ಇದ್ದವರ ಸಂಬಳ ವರ್ಷ ವರ್ಷ ಏರಿರುತ್ತದೆ. ಅದೇ ಕೆಲಸವನ್ನು ಅರ್ಧ ಸಂಬಳಕ್ಕೆ ಮಾಡುವ ಹುಡುಗರು ಸಿಗುತ್ತಾರೆ. ಜನ ಕಡಿಮೆ ಮಾಡುವಾಗ ಮೊದಲು ಕಣ್ಣಿಗೆ ಬೀಳುವವರು ಇವರೇ.

ಮ್ಯಾನೇಜರ್ ಆದರೆ ಕೆಲಸ ಗಟ್ಟಿ ಅಂತ ನಾನು ಹೇಳುವುದಿಲ್ಲ. ಅವರನ್ನೂ ಮನೆಗೆ ಕಳಿಸಿದ್ದನ್ನು ನೋಡಿದ್ದೇನೆ. ಆದರೆ ಬೇಡ ಅನ್ನುವ ಮೊದಲು ಒಂದು ಕೇಳಿ: ತಂಡ ನಡೆಸದೆ, ಪರಿಣತಿಯ ಮೇಲೆ ಮೇಲಕ್ಕೆ ಹೋಗುವ ದಾರಿ ನಿಮ್ಮಲ್ಲಿ ಇದೆಯಾ? ಎಷ್ಟೋ ಕಡೆ ಇರುತ್ತದೆ, ಯಾರೂ ಕೇಳುವುದಿಲ್ಲ. ಇನ್ನೊಂದು, ಕಂಪನಿ ಕೊಡುವ ಆರೋಗ್ಯ ವಿಮೆ ಬಿಟ್ಟು ನಿಮ್ಮದೇ ಒಂದು ಮಾಡಿಸಿಕೊಳ್ಳಿ. ಕೆಲಸ ಹೋದ ದಿನ ಅದೂ ಹೋಗುತ್ತದೆ.

ಹುಬ್ಬಳ್ಳಿ_ನಿವೃತ್ತ

ತಂಗೀ, ನಾನು ಸರ್ಕಾರಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿ ಕ್ಲರ್ಕ್ ಆಗಿಯೇ ನಿವೃತ್ತನಾದವ. ನಮ್ಮಲ್ಲಿ ಇದು ಹೊಸದಲ್ಲ. ಆಫೀಸರ್ ಆದರೆ ವರ್ಗಾವಣೆ ಬೇರೆ ರಾಜ್ಯಕ್ಕೂ ಆಗಬಹುದು. ಅದಕ್ಕೇ ಎಷ್ಟೋ ಜನ ಪರೀಕ್ಷೆಗೇ ಕೂರುತ್ತಿರಲಿಲ್ಲ. ನಾನೂ ಕೂರಲಿಲ್ಲ. ವಯಸ್ಸಾದ ತಾಯಿ, ಸಣ್ಣ ಮಕ್ಕಳು, ಹುಬ್ಬಳ್ಳಿ ಬಿಡುವ ಮನಸ್ಸಿರಲಿಲ್ಲ.

ನಷ್ಟ ಏನು ಅಂತ ಮುಚ್ಚಿಡದೆ ಹೇಳುತ್ತೇನೆ. ನನ್ನ ಜೊತೆ ಸೇರಿದವರು ದೊಡ್ಡ ಹುದ್ದೆಯಲ್ಲಿ ನಿವೃತ್ತರಾದರು. ಅವರ ಪಿಂಚಣಿಗೂ ನನ್ನ ಪಿಂಚಣಿಗೂ ತುಂಬಾ ಅಂತರ ಇದೆ. ನಾನೇ ಕೆಲಸ ಕಲಿಸಿದ ಹುಡುಗ ನನ್ನ ಮೇಲಧಿಕಾರಿಯಾಗಿ ಬಂದ. ಮೊದಲ ವಾರ ಅದು ಚುಚ್ಚಿತು. ಆಮೇಲೆ ಇಬ್ಬರಿಗೂ ರೂಢಿಯಾಯಿತು, ಅವನು ಇವತ್ತಿಗೂ ಹಬ್ಬಕ್ಕೆ ಫೋನ್ ಮಾಡುತ್ತಾನೆ.

ತಾಯಿ ಕೊನೆಯ ದಿನಗಳಲ್ಲಿ ನನ್ನ ಕೈಯಿಂದಲೇ ಊಟ ಮಾಡಿದರು. ಈ ಲೆಕ್ಕ ಬೇರೆಯವರಿಗೆ ಹೇಗೆ ಬೇಕಾದರೂ ಕಾಣಲಿ, ನನಗೆ ಸರಿ ಇದೆ. ಆದರೆ ಆ ಚುಚ್ಚುವ ವಾರ ನಿಮಗೂ ಬರುತ್ತದೆ. ತಡೆಯುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ.

ಗಿರಿನಗರ_ಗಿರಿ

ಸರ್, ಅದು ಸರ್ಕಾರಿ ಬ್ಯಾಂಕು. ಕ್ಲರ್ಕ್ ಆಗಿದ್ದರೂ ತೆಗೆಯುತ್ತಿರಲಿಲ್ಲ. ಇವರ ಪರಿಸ್ಥಿತಿ ಬೇರೆ.

ಶರಣು_ದಾವಣಗೆರೆ

ಬಸವಣ್ಣನವರೇ ಕಾಯಕವೇ ಕೈಲಾಸ ಅಂದಿದ್ದಾರೆ. ಬಂದ ಕೆಲಸವನ್ನು ದೇವರ ಕೆಲಸ ಅಂತ ಮಾಡಬೇಕು ಅಷ್ಟೇ. ಬೇಡ ಅನ್ನಲು ನಾವು ಯಾರು?

ರಾಯಚೂರು_ಬಿಸಿಲು

ಶರಣು ಅವರೇ, ಒಂದು ತಿದ್ದುಪಡಿ. ಆ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದ್ದಾಗ ಗುರು ಎದುರಿಗೆ ಬಂದರೂ, ಲಿಂಗಪೂಜೆಯ ಹೊತ್ತಾದರೂ ಮರೆಯಬೇಕು ಅಂತ ಹೇಳಿ, ಆಮೇಲೆ "ಕಾಯಕವೇ ಕೈಲಾಸವಾದ ಕಾರಣ" ಅನ್ನುತ್ತಾನೆ. ಅವನು ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕಡೆಯವನು ಅಂತ ನಮಗೆ ಸ್ವಲ್ಪ ಹೆಮ್ಮೆ ಜಾಸ್ತಿ.

ಈ ಪ್ರಶ್ನೆಗೆ ಅವನಿಗಿಂತ ಅವನ ಹೆಂಡತಿ ಲಕ್ಕಮ್ಮನ ಮಾತು ಮುಖ್ಯ. 12ನೇ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ ಒಪ್ಪಲಿಲ್ಲ. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಅಂತ ಹೇಳಿ, ಹೆಚ್ಚಿಗೆ ತಂದಿದ್ದನ್ನು ವಾಪಸ್ ಸುರಿದು ಬರಲು ಕಳಿಸಿದಳು.

ಮೇಡಂ, ನಿಮ್ಮ ತಾಯಿಯವರು ದೇವರು ಕೊಟ್ಟಿದ್ದನ್ನು ಬೇಡ ಅನ್ನಬಾರದು ಅಂದರು. ಲಕ್ಕಮ್ಮ ಬೇಡ ಅಂದಿದ್ದು ದೇವರ ಹೆಸರಲ್ಲೇ. ನಂಬಿಕೆ ಇರುವವರಿಗೆ ಎರಡೂ ದಾರಿ ಇದೆ.

ಗಣಿಯ_ಮಗ

ಲಕ್ಕಮ್ಮನ ಕಥೆ ನನಗೂ ಗೊತ್ತು ಸರ್. ಗೌರವ ಇದೆ. ಆದರೆ ಈ ಕಥೆಯನ್ನು ಯಾರು ಯಾರಿಗೆ ಹೇಳುತ್ತಾರೆ ಅನ್ನುವುದನ್ನು ನೋಡಬೇಕು.

ನಮ್ಮಪ್ಪ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಆಮೇಲೆ ನಮ್ಮ ಊರಿನ ಸಾವಿರಾರು ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ಸೆಕ್ಯೂರಿಟಿ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಬಂದರು. ಈಗಲೂ ಬರುತ್ತಿದ್ದಾರೆ. ನಾವು ದಲಿತರು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ತಲೆಮಾರುಗಳಿಂದ ನಮಗೆ "ಇದು ನಿಮಗೆ ಸಾಕು" ಅಂತ ಬೇರೆಯವರೇ ಹೇಳಿದ್ದಾರೆ. ಹಾಗಾಗಿ ಈ "ಸಾಕು" ಕೇಳಿದರೆ ನನಗೆ ಮೈ ಉರಿಯುತ್ತದೆ.

ಮೇಡಂ, ನಿಮ್ಮ ಮೇಲೆ ಕೋಪ ಇಲ್ಲ. ಆದರೆ ಇದನ್ನೂ ಯೋಚಿಸಿ. ಮ್ಯಾನೇಜರ್ ಕುರ್ಚಿ ಅಂದರೆ ಬರೀ ಸಂಬಳ ಅಲ್ಲ. ಯಾರನ್ನು ಕೆಲಸಕ್ಕೆ ತಗೊಳ್ಳಬೇಕು, ಯಾರಿಗೆ ರಜೆ, ಯಾರಿಗೆ ಒಳ್ಳೆಯ ರೇಟಿಂಗ್ ಅಂತ ತೀರ್ಮಾನ ಆಗುವ ಜಾಗ ಅದು. ಮನಸ್ಸು ಮೆತ್ತಗಿರುವವರು, ನ್ಯಾಯ ನೋಡುವವರು ಎಲ್ಲರೂ "ನಮಗೆ ಬೇಡ" ಅಂತ ಎದ್ದು ಹೋದರೆ ಅಲ್ಲಿ ಯಾರು ಕೂರುತ್ತಾರೆ?

ರಾಯಚೂರು_ಬಿಸಿಲು

ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಒಂದೇ ಸೇರಿಸುತ್ತೇನೆ. ಲಕ್ಕಮ್ಮನೂ ಬಡವಳೇ, ಹೊಟ್ಟೆ ತುಂಬಿದವಳಲ್ಲ. "ಸಾಕು" ಅಂತ ಅವಳಿಗೆ ಬೇರೆ ಯಾರೋ ಹೇಳಲಿಲ್ಲ. ಅವಳೇ ಹೇಳಿದಳು, ಅದೂ ಗಂಡನಿಗೆ. ಆಸೆ ಅನ್ನುವುದು ಅರಸರಿಗೆ ಇರಲಿ ಅಂತಲೂ ಅದೇ ವಚನದಲ್ಲಿ ಇದೆ. ಮೇಲಿದ್ದವರಿಗೆ ಬಿದ್ದ ಪೆಟ್ಟು ಅದು.

ಗಣಿಯ_ಮಗ

ಅದು ಒಪ್ಪುತ್ತೇನೆ. ತಾನೇ ಹೇಳಿಕೊಂಡರೆ ಬೇರೆ. ಆದರೂ ಕುರ್ಚಿಯ ಪ್ರಶ್ನೆಗೆ ಉತ್ತರ ಬಂದಿಲ್ಲ.

ನೀಲಿ_ಪೆನ್ನು

ನನ್ನ ಪ್ರಶ್ನೆ ಬೇರೆ. ಅಕ್ಕ, ನೀವು ಗಂಡಸಾಗಿದ್ದರೆ ಇದೇ ತೀರ್ಮಾನ ತೆಗೆದುಕೊಳ್ಳುತ್ತಿದ್ದಿರಾ? ರಾತ್ರಿ 10ಕ್ಕೆ ಮನೆಗೆ ಬಂದರೆ ಅಡುಗೆ ಯಾರು ಮಾಡುತ್ತಾರೆ, ಮಗಳ ಹೋಂವರ್ಕ್ ಯಾರು ನೋಡುತ್ತಾರೆ ಅನ್ನುವುದು ನಿಮ್ಮ "ಬೇಡ" ಒಳಗೆ ಎಷ್ಟು ಭಾಗ ಇದೆ? ನಮ್ಮ ಆಫೀಸಿನಲ್ಲಿ ಬಡ್ತಿ ಬೇಡ ಅಂದ ಹೆಂಗಸರನ್ನು ಕೂರಿಸಿ ಕೇಳಿದರೆ ಮುಕ್ಕಾಲು ಜನರ ಕಾರಣ ಅಡುಗೆಮನೆಯಲ್ಲಿ ಇರುತ್ತದೆ. ಅದನ್ನು ನೆಮ್ಮದಿ ಅಂತ ಕರೆಯಬೇಡಿ ಅಷ್ಟೇ.

ಜಯನಗರ_ಲೆಕ್ಕ

ನೀಲಿ ಪೆನ್ನು ಅವರ ಪ್ರಶ್ನೆ ಓದಿ ರಾತ್ರಿಯೆಲ್ಲಾ ಯೋಚಿಸಿದೆ. ನೇರವಾಗಿ ಹೇಳುತ್ತೇನೆ. ಅಡುಗೆ ಕಾರಣ ಅಲ್ಲ. ಬೆಳಗಿನ ತಿಂಡಿ ಯಜಮಾನರದ್ದೇ, ಮಗಳು ತನ್ನ ಓದು ತಾನೇ ನೋಡಿಕೊಳ್ಳುತ್ತಾಳೆ.

ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಕಳೆಯುತ್ತಿದ್ದ ಹೊತ್ತು ನನಗೆ ವಾಪಸ್ ಸಿಕ್ಕಿತು. ಆ ಹೊತ್ತಿನಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು, ಕಲಿಯಲು ಹೋಗುತ್ತಿದ್ದೇನೆ. ಹಿರಿಯರೊಬ್ಬರು ಮನೆಯಲ್ಲೇ ಹೇಳಿಕೊಡುತ್ತಾರೆ. ಕುಮಾರವ್ಯಾಸನ ಷಟ್ಪದಿಯನ್ನು ಅರ್ಥ ಒಡೆಯದ ಹಾಗೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಓದಲು ಈಗ ಸ್ವಲ್ಪ ಬರುತ್ತಿದೆ. ಚಿಕ್ಕವಳಿದ್ದಾಗ ತಾತ ಓದುವುದನ್ನು ಕೇಳಿದ್ದೆ. ಇದು ಬಿಟ್ಟು ಹೋಗುತ್ತದೆ ಅನ್ನುವುದೇ ನನ್ನ ಸಂಕಟ. ಮನೆಯಲ್ಲಿ ಇದನ್ನು ಕಾರಣ ಅಂತ ಹೇಳಿದರೆ ಯಾರೂ ಕಾರಣ ಅಂತ ಒಪ್ಪುವುದಿಲ್ಲ.

ಗಣಿಯ ಮಗ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಯೋಚಿಸುತ್ತೇನೆ.

ಮಲೆನಾಡು_ಮಳೆ

ಗಮಕನಾ! ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮಗೆಲ್ಲಾ ಎಷ್ಟು ಖುಷಿಯಾಗಿತ್ತು. ಅವರ ವಾಚನ ಎದುರಿಗೆ ಕೂತು ಕೇಳಿದ್ದೇನೆ. ಪಕ್ಕದ ಮತ್ತೂರಿನಲ್ಲೂ ಗಮಕಿಗಳಿದ್ದಾರೆ. ಮೇಡಂ, ಇದನ್ನು ಬಿಡಬೇಡಿ. ಮ್ಯಾನೇಜರ್‌ಗಳು ಸಿಗುತ್ತಾರೆ, ಗಮಕ ಕಲಿಯುವವರು ಸಿಗುವುದಿಲ್ಲ.

ಕೋಡ್_ಕೃಷ್ಣ

ಇದು ಕಾರಣವೇ. ಯಾರು ಅಲ್ಲ ಅಂದಿದ್ದು?

ದುಡಿಮೆ_ದೇವರು

ಎಲ್ಲರೂ ಹೀಗೆ ಸಂಜೆ 6ಕ್ಕೆ ಎದ್ದು ಹವ್ಯಾಸ ಅಂತ ಹೋದರೆ ದೇಶ ಹೇಗೆ ಮುಂದೆ ಬರುತ್ತದೆ? ನಾರಾಯಣಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಎಲ್ಲರೂ ಅವರ ಮೇಲೆ ಬಿದ್ದರು. ಕಂಪನಿ ಕಟ್ಟುವಾಗ ಅವರೇ ಹಾಗೆ ದುಡಿದವರು. ನನ್ನದು ಪೀಣ್ಯದಲ್ಲಿ ಸಣ್ಣ ಕಾರ್ಖಾನೆ. ಭಾನುವಾರವೂ ಇರುತ್ತೇನೆ. ಮಷೀನ್ ಓಡುವ ಸದ್ದು ಕೇಳಿದರೆ ನನಗೆ ನೆಮ್ಮದಿ. ದುಡಿಮೆಯೇ ಸುಖ ಅನ್ನುವವರೂ ಇದ್ದೇವೆ, ನಮ್ಮನ್ನು ದುರಾಸೆಯವರು ಅಂತ ನೋಡಬೇಡಿ.

ನೀಲಿ_ಪೆನ್ನು

ನಿಮ್ಮ ಕಾರ್ಖಾನೆ ನಿಮ್ಮದು ಸರ್. ಭಾನುವಾರದ ಲಾಭವೂ ನಿಮ್ಮದೇ. ಸಂಬಳಕ್ಕೆ ಇರುವವರಿಗೆ ಅದೇ ಹುರುಪು ಇರಬೇಕು ಅಂತ ಹೇಗೆ ಕೇಳುತ್ತೀರಿ?

ದುಡಿಮೆ_ದೇವರು

ನನ್ನ ಹುಡುಗರಿಗೆ ನಾನು ಭಾನುವಾರ ಬರಲು ಹೇಳುವುದಿಲ್ಲ. ಅದು ಸ್ಪಷ್ಟ ಇರಲಿ.

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿಯ ಒಂದು ವಿಷಯ ಹೇಳುತ್ತೇನೆ. ಜರ್ಮನಿಯಲ್ಲಿ 2001ರಿಂದ ಒಂದು ಕಾನೂನು ಇದೆ. 15ಕ್ಕಿಂತ ಹೆಚ್ಚು ಜನ ಇರುವ ಕಂಪನಿಯಲ್ಲಿ ಆರು ತಿಂಗಳು ದಾಟಿದವರು "ನನ್ನ ಕೆಲಸದ ಗಂಟೆ ಕಡಿಮೆ ಮಾಡಿ" ಅಂತ ಕೇಳಬಹುದು. ಸುಮ್ನೆ ಆಗುವುದಿಲ್ಲ ಅಂತ ಹೇಳುವಂತಿಲ್ಲ, ಕಂಪನಿ ಕಾರಣ ಕೊಡಬೇಕು. ನನ್ನ ಪಕ್ಕದ ಮೇಜಿನವನು ವಾರಕ್ಕೆ ನಾಲ್ಕೇ ದಿನ ಬರುತ್ತಾನೆ, ಶುಕ್ರವಾರ ಮರಗೆಲಸ ಮಾಡುತ್ತಾನೆ. ಯಾರೂ ಅವನನ್ನು ಸೋಮಾರಿ ಅನ್ನುವುದಿಲ್ಲ. ಸಂಬಳ ಕಡಿಮೆ, ಮುಂದೆ ಪಿಂಚಣಿಯೂ ಕಡಿಮೆ. ಅದು ಅವನಿಗೂ ಗೊತ್ತು.

ಗಿರಿನಗರ_ಗಿರಿ

ಒಂದು ಮಟ್ಟದ ನಂತರ ಹಣದಿಂದ ಖುಷಿ ಏರುವುದಿಲ್ಲ ಅಂತ ಸಂಶೋಧನೆ ಆಗಿದೆಯಲ್ಲ? ಹಾಗಾದರೆ ಈ ಕಾಲು ಭಾಗ ಏರಿಕೆಯಿಂದ ಏನೂ ಆಗುವುದಿಲ್ಲ ಅಂತಾಯಿತು.

ಅಂಕಿಸಂಖ್ಯೆ

ಅದು ಅರ್ಧ ಸತ್ಯ. 2010ರಲ್ಲಿ ಡೇನಿಯಲ್ ಕಾನೆಮನ್, ಆಂಗಸ್ ಡೀಟನ್ ಇಬ್ಬರೂ ಅಮೆರಿಕದ ಅಂಕಿಅಂಶ ನೋಡಿ, ವರ್ಷಕ್ಕೆ 75,000 ಡಾಲರ್ ಆದ ಮೇಲೆ ದಿನದ ಖುಷಿ ಏರುವುದು ನಿಲ್ಲುತ್ತದೆ ಅಂದರು. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅನ್ನುವವರು 2021ರಲ್ಲಿ ಹಾಗೇನಿಲ್ಲ, ಏರುತ್ತಲೇ ಇರುತ್ತದೆ ಅಂತ ತೋರಿಸಿದರು. ಆಮೇಲೆ ಜಗಳ ಆಡುವ ಬದಲು ಕಾನೆಮನ್, ಕಿಲ್ಲಿಂಗ್ಸ್‌ವರ್ತ್ ಒಟ್ಟಿಗೆ ಕೂತು 2023ರಲ್ಲಿ ಒಂದು ಪ್ರಬಂಧ ಬರೆದರು. ಹೆಚ್ಚಿನವರಿಗೆ ಹಣದ ಜೊತೆ ಖುಷಿ ಏರುತ್ತಲೇ ಹೋಗುತ್ತದೆ, ತೀರಾ ಬೇಸರದಲ್ಲಿರುವ ಒಂದಷ್ಟು ಜನರಿಗೆ ಮಾತ್ರ ಒಂದು ಮಟ್ಟದಲ್ಲಿ ನಿಲ್ಲುತ್ತದೆ ಅಂತ ಬಂತು.

ಆದರೆ ಅಲ್ಲಿ ಅಳೆದಿದ್ದು ಆದಾಯವನ್ನು. ಆ ಆದಾಯಕ್ಕಾಗಿ ಸಂಜೆ ಬಿಟ್ಟುಕೊಟ್ಟರೆ ಏನಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ. ಹಾಗಾಗಿ ಸಂಶೋಧನೆ ಇಟ್ಟುಕೊಂಡು ಇವರಿಗೆ ಹೌದು ಅಥವಾ ಇಲ್ಲ ಅನ್ನಲು ಬರುವುದಿಲ್ಲ.

ಗಿರಿನಗರ_ಗಿರಿ

ಸರಿ. ಆದರೆ ಸಂಬಳ ಏರಿದರೆ ಮೇಲಿನ ಸ್ಲ್ಯಾಬ್‌ಗೆ ಹೋಗಿ ಪೂರ್ತಿ ಸಂಬಳಕ್ಕೆ ಜಾಸ್ತಿ ತೆರಿಗೆ ಬೀಳುತ್ತದೆ ಅಲ್ವಾ?

ಜಯನಗರ_ಲೆಕ್ಕ

ಇಲ್ಲ ಸರ್, ಇದು ನನ್ನ ಕ್ಷೇತ್ರ. ಸ್ಲ್ಯಾಬ್ ದಾಟಿದ ಭಾಗಕ್ಕೆ ಮಾತ್ರ ಆ ದರ. 2025-26ರ ಹೊಸ ಪದ್ಧತಿಯಲ್ಲಿ 30% ಅನ್ನುವುದು 24 ಲಕ್ಷ ದಾಟಿದ ಹಣಕ್ಕೆ ಮಾತ್ರ, ಕೆಳಗಿನದ್ದಕ್ಕೆ ಕೆಳಗಿನ ದರವೇ. ತೆರಿಗೆಗೆ ಹೆದರಿ ಯಾರೂ ಸಂಬಳ ಬೇಡ ಅನ್ನಬೇಡಿ.

ತೋಟದ_ಮನೆ

ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಬಡ್ತಿ ಅಂದರೆ ತೋಟ ವಿಸ್ತರಿಸುವುದು. ಸುತ್ತ ಎಲ್ಲರೂ ಗದ್ದೆಗೆ ಅಡಿಕೆ ಹಾಕಿದರು. ನಾನು ಹಾಕಲಿಲ್ಲ. ಭತ್ತದಲ್ಲಿ ಏನೂ ಗಿಟ್ಟುವುದಿಲ್ಲ ಅಂತ ಎಲ್ಲರೂ ಬೈದರು. ಎಲೆಚುಕ್ಕಿ ರೋಗ ಬಂದಾಗ ದೊಡ್ಡ ತೋಟದವರ ಕಷ್ಟ ಕಣ್ಣಾರೆ ನೋಡಿದೆ. ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರು ಸಿಗುವುದಿಲ್ಲ, ಮಳೆ ಬಿಡುವುದಿಲ್ಲ. ನಮ್ಮ ಸಣ್ಣ ತೋಟಕ್ಕೂ ರೋಗ ಬಂತು. ಆದರೆ ಅಷ್ಟನ್ನು ಮನೆಯವರೇ ಸುಧಾರಿಸಿಕೊಂಡೆವು, ಮನೆ ಅಕ್ಕಿಗೆ ತೊಂದರೆ ಆಗಲಿಲ್ಲ.

ಹಾಗಂತ ತೋಟ ಮಾಡಿದವರು ತಪ್ಪು ಮಾಡಿದರು ಅನ್ನುವುದಿಲ್ಲ. ಅದೇ ಅಡಿಕೆಯಿಂದ ಮನೆ ಕಟ್ಟಿದರು, ಮಕ್ಕಳನ್ನು ಇಂಜಿನಿಯರ್ ಮಾಡಿದರು. ನನ್ನ ಕೈಗೆ ಎಷ್ಟು ಆಗುತ್ತದೆ ಅಂತ ನನಗೆ ಗೊತ್ತಿತ್ತು.

ಕುಮಟಾ_ಕರಾವಳಿ

ಎಲ್ಲರೂ ದುಡ್ಡಿನ ಮಾತೇ ಆಡುತ್ತಿದ್ದೀರಿ. ಇವರ ಮನಸ್ಸಿನಲ್ಲಿ ಕೂತಿರುವುದು ಅಮ್ಮನ ಮಾತು.

ನಮ್ಮ ಕಡೆ ಇಂಥ ಗೊಂದಲ ಇದ್ದರೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುತ್ತಾರೆ. ದೇವರ ಮೇಲೆ ಹೂ ಇಡುತ್ತಾರೆ, ಬಲಕ್ಕೆ ಬಿದ್ದರೆ ಒಪ್ಪಿಗೆ. ನನ್ನ ಅಕ್ಕನ ಮದುವೆ ಮಾತು ಬಂದಾಗ ಅಪ್ಪ ಹೀಗೆ ಕೇಳಲು ಹೋಗಿದ್ದರು. ಹೂ ಬಲಕ್ಕೆ ಬಿತ್ತು. ಅಕ್ಕನ ಮುಖ ಬಾಡಿತು. ಅರ್ಚಕರು ಅದನ್ನು ಗಮನಿಸಿ, "ಮಗಳನ್ನು ಕೇಳಿದ್ದೀರಾ? ಮೊದಲು ಅವಳನ್ನು ಕೇಳಿ, ಆಮೇಲೆ ದೇವರನ್ನು ಕೇಳಿ" ಅಂತ ಅಪ್ಪನಿಗೆ ಹೇಳಿದರು. ಆ ಸಂಬಂಧ ಬಿಟ್ಟೆವು. ದೇವರು ಯಾರ ಮೇಲೂ ಮುನಿಯಲಿಲ್ಲ.

ವಿಚಾರ_ವಾದಿ

ದೇವರು ಇದ್ದರೆ ತಾನೇ ಮುನಿಯಲು. ಬಡ್ತಿ ಕೊಟ್ಟಿದ್ದು ಕಂಪನಿಯ ಎಚ್‌ಆರ್.

ಕುಮಟಾ_ಕರಾವಳಿ

ನಿಮ್ಮ ಅಭಿಪ್ರಾಯ ನಿಮಗಿರಲಿ ಸರ್. ಅವರು ನಂಬುತ್ತೇನೆ ಅಂತ ಮೊದಲೇ ಹೇಳಿದ್ದಾರೆ. ನಂಬುವವರಿಗೆ ನಂಬಿಕೆಯ ಒಳಗಿನಿಂದಲೇ ಸಮಾಧಾನ ಬೇಕಾಗುತ್ತದೆ.

ಬಿಸಿಯೂಟ_ಟೀಚರ್

ಈ ಚರ್ಚೆ ನನಗೂ ಬೇಕಿತ್ತು. ನಾನು ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮುಖ್ಯಶಿಕ್ಷಕಿ ಬಡ್ತಿಯ ಪಟ್ಟಿಯಲ್ಲಿ ಹೆಸರು ಬಂದಿದೆ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿ, ಮೊಟ್ಟೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಮಕ್ಕಳ ವಿವರ ಇಡುವ ಸ್ಯಾಟ್ಸ್ ಜಾಲತಾಣದಲ್ಲಿ ಮಾಹಿತಿ ತುಂಬುವುದು. ಮುಖ್ಯಶಿಕ್ಷಕರು ಪಾಠ ಮಾಡುವುದನ್ನು ನಾನು ನೋಡುವುದೇ ಅಪರೂಪ. ಒಂದನೇ ತರಗತಿಯ ಮಗು ಮೊದಲ ಸಲ ಅಕ್ಷರ ಕೂಡಿಸಿ "ಅಮ್ಮ" ಅಂತ ಓದಿದಾಗ ನನ್ನ ಮುಖ ನೋಡುತ್ತದೆ. ಅದಕ್ಕಾಗಿಯೇ ಈ ಕೆಲಸಕ್ಕೆ ಬಂದವಳು ನಾನು. ಆದರೆ ಗಣಿಯ ಮಗ ಅವರ ಮಾತು ಓದಿ ಮನಸ್ಸು ಡೋಲಾಯಮಾನವಾಗಿದೆ. ನಮ್ಮ ಶಾಲೆಗೆ ಒಳ್ಳೆಯ ಮುಖ್ಯಶಿಕ್ಷಕರು ಬಂದಾಗ ಏನೆಲ್ಲಾ ಬದಲಾಗುತ್ತದೆ ಅಂತ ನಾನೇ ನೋಡಿದ್ದೇನೆ. ಶೌಚಾಲಯಕ್ಕೆ ನೀರು ಬಂದಿದ್ದೇ ಅಂಥವರೊಬ್ಬರಿಂದ. ಹೆಣ್ಣುಮಕ್ಕಳು ಶಾಲೆ ತಪ್ಪಿಸುವುದು ನಿಂತಿದ್ದೂ ಆಮೇಲೆ.

ಜಯನಗರ_ಲೆಕ್ಕ

ಎಲ್ಲರಿಗೂ ಧನ್ಯವಾದ. ಇವತ್ತು ಆಫೀಸಿನಲ್ಲಿ ಮಾತಾಡಿದೆ. ಮ್ಯಾನೇಜರ್ ಹುದ್ದೆ ಬೇಡ ಅಂದೆ. ಕೋಡ್ ಕೃಷ್ಣ ಅವರು ಹೇಳಿದ ಹಾಗೆ, ತಂಡ ಇಲ್ಲದ ಹಿರಿಯ ಹುದ್ದೆ ಇದೆಯಾ ಅಂತ ಕೇಳಿದೆ. ನೋಡುತ್ತೇವೆ ಅಂದರು, ಬರಹದಲ್ಲಿ ಏನೂ ಬಂದಿಲ್ಲ. ಅಮ್ಮನಿಗೆ ಲಕ್ಕಮ್ಮನ ಕಥೆ ಹೇಳಿದೆ. ಅವರು "ಅವಳು ಶರಣೆ, ನೀನು ಸಂಸಾರಸ್ಥೆ" ಅಂದರು. ಲಕ್ಕಮ್ಮನೂ ಸಂಸಾರಸ್ಥೆಯೇ ಅಂದೆ. ಮಾತು ಅಲ್ಲಿಗೆ ನಿಂತಿದೆ.

ಗಣಿಯ ಮಗ ಅವರೇ, ಕುರ್ಚಿಯ ಪ್ರಶ್ನೆಗೆ ನನ್ನಿಂದ ಆದ ಉತ್ತರ ಇದು. ತಂಡದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕೊಪ್ಪಳದ ಕಡೆಯ ಹಳ್ಳಿಯಿಂದ ಬಂದವಳು, ಕೆಲಸದಲ್ಲಿ ನನಗಿಂತ ಚುರುಕು, ಆ ಜಾಗ ಬೇಕು ಅನ್ನುವ ಆಸೆಯೂ ಇದೆ. ಇಂಗ್ಲಿಷ್ ಮಾತಾಡಲು ಹಿಂಜರಿಯುತ್ತಾಳೆ ಅಂತ ಅವಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವಳ ಹೆಸರು ಹೇಳಿ ಬಂದಿದ್ದೇನೆ.

ಗಣಿಯ_ಮಗ

ಇದು ಉತ್ತರವೇ ಮೇಡಂ. ಆದರೆ ಹೆಸರು ಹೇಳಿ ಬಿಟ್ಟರೆ ಸಾಲದು. ಅವರಿಗೆ ಸಿಕ್ಕರೆ ಮೊದಲ ಕೆಲವು ಕ್ಲೋಸಿಂಗ್‌ಗಳಲ್ಲಿ ಪಕ್ಕದಲ್ಲಿ ನಿಲ್ಲಿ. ಮೀಟಿಂಗಿನಲ್ಲಿ ಅವರ ಮಾತನ್ನು ಯಾರಾದರೂ ಅರ್ಧಕ್ಕೆ ತಡೆದರೆ "ಅವರು ಮುಗಿಸಲಿ" ಅನ್ನಿ. ನನ್ನ ಮೊದಲ ಕೆಲಸದಲ್ಲಿ ನನಗೆ ಹಾಗೆ ಅನ್ನುವವರು ಒಬ್ಬರು ಇದ್ದರು. ಅವರೂ ಮ್ಯಾನೇಜರ್ ಆಗಿರಲಿಲ್ಲ.

ಜಯನಗರ_ಲೆಕ್ಕ

ಖಂಡಿತ ನಿಲ್ಲುತ್ತೇನೆ.

ಬಿಸಿಯೂಟ_ಟೀಚರ್

ಹುಬ್ಬಳ್ಳಿ ಸರ್, ನಾನು ಬಡ್ತಿ ನಿರಾಕರಿಸಿದರೆ ಮುಂದೆ ಸಿಗುವ ವೇತನ ಬಡ್ತಿಗೆ ತೊಂದರೆ ಆಗುತ್ತದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.

ಹುಬ್ಬಳ್ಳಿ_ನಿವೃತ್ತ

ಶಿಕ್ಷಣ ಇಲಾಖೆಯ ನಿಯಮದ ಬಗ್ಗೆ ಬ್ಯಾಂಕಿನವನ ಮಾತು ಕೇಳಬೇಡಿ ಟೀಚರ್. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಸಹಿ ಹಾಕಬೇಡಿ. ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗ್ ದಿನಾಂಕ ಬರುವ ಮೊದಲೇ ಈ ಕೆಲಸ ಮುಗಿಸಿ.